ಬೆಟ್ಟವಿಳಿಯುವ ಸೈಕಲ್ಲಿಗೆ ತಕ್ಕ ಫೋರ್ಕ್

ಸೈಕಲ್ ಕೊಳ್ಳಹೋದವರು ಗಂಟೆಯನ್ನು ಬಾರಿಸಿ ನೋಡುತ್ತಾರೆ. ಬ್ರೇಕನ್ನು ಹಿಡಿದು ನೋಡುತ್ತಾರೆ. ಟೈರನ್ನು ಹೆಬ್ಬೆರಳಿನಿಂದ ಒತ್ತಿ, ಎಲ್ಲ ತಿಳಿದವರಂತೆ ತಲೆಯಾಡಿಸುತ್ತಾರೆ. ಮುಂದಿನ ಚಕ್ರವನ್ನು ಎರಡು ಕಡೆಯಿಂದಲೂ ಹಿಡಿದುಕೊಂಡು, ರಸ್ತೆಯ ಏಟನ್ನೆಲ್ಲ ಮೊದಲು ತಾನು ತಿಂದು, ಆಮೇಲೆ ನಮ್ಮ ಕೈಗೆ ಮುಟ್ಟಿಸುವ ಫೋರ್ಕಿನ ಕಡೆಗೆ ಮಾತ್ರ ಯಾರ ಕಣ್ಣೂ ಹೋಗುವುದಿಲ್ಲ. ಸುಮಾರು ಮೂವತ್ತು ವರ್ಷ ಸೈಕಲ್ ತುಳಿದುಕೊಂಡೇ ಹೈಸ್ಕೂಲಿಗೆ ಹೋಗಿ ಕನ್ನಡ ಪಾಠ ಹೇಳಿದ ನಾನೂ ಆ ಕಡೆ ನೋಡಿದವನಲ್ಲ. ಫೋರ್ಕಿಗೆ ‘ಕವೆ’ ಎಂಬ ಒಳ್ಳೆಯ ಕನ್ನಡ ಮಾತು ಒಪ್ಪುತ್ತದೆ. ಆದರೆ ಸೈಕಲ್ ಅಂಗಡಿಯಲ್ಲಿ ಕವೆ ಕೇಳಿದರೆ ಯಾರೂ ಸಾಮಾನು ಕೊಡುವುದಿಲ್ಲವಾದ್ದರಿಂದ ಇಲ್ಲಿ ಫೋರ್ಕ್ ಎಂದೇ ಕರೆಯುತ್ತೇನೆ.

ಆ ಕಡೆ ನೋಡುವಂತೆ ಮಾಡಿದವನು ನನ್ನ ಮಗ. ಅವನು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾನೆ. ಬೆಟ್ಟದಿಂದ ಸೈಕಲ್ಲಿನಲ್ಲಿ ಇಳಿಯುವಾಗ ಬಿದ್ದು ಕಾಲರ್ ಮೂಳೆ ಮುರಿದುಕೊಂಡನೆಂದು ಒಂದು ದಿನ ದೂರವಾಣಿಯಲ್ಲಿ ಸುದ್ದಿ ಬಂತು. ಮೂಳೆ ಕೂಡಿಕೊಂಡಿತು. ಆಮೇಲೆ ಅವನು ಆಡಿದ ಮಾತು ಬಿದ್ದ ಸುದ್ದಿಗಿಂತ ಹೆಚ್ಚು ಗಾಬರಿ ಹುಟ್ಟಿಸಿತು: “ತಪ್ಪು ಫೋರ್ಕಿನದು ಅಪ್ಪ. ಹೊಸದೊಂದು ಕೊಳ್ಳುತ್ತೇನೆ.” ಬೆಲೆ ಕೇಳಿದೆ. ನಮ್ಮೂರಿನಲ್ಲಿ ಒಂದು ಹೊಸ ಸ್ಕೂಟರಿಗೆ ಕೊಡುವುದಕ್ಕಿಂತ ಹೆಚ್ಚು! ಮನೆಯಾಕೆ, “ಫೋರ್ಕೂ ಬೇಡ, ಸೈಕಲ್ಲೂ ಬೇಡ, ಮಾರಿಬಿಡು ಅನ್ನಿ” ಎಂದಳು. ಇಬ್ಬರೂ ನನ್ನ ತೀರ್ಪಿಗೆ ಕಾದರು. ತಿಳಿಯದ ವಿಷಯದಲ್ಲಿ ತೀರ್ಪು ಕೊಡುವುದು ಮೇಷ್ಟರಿಗೆ ತಕ್ಕದ್ದಲ್ಲ. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋಗುವುದು ಹೇಗೂ ನಿಶ್ಚಯವಾಗಿತ್ತು. ನೋಡಿ ಹೇಳುತ್ತೇನೆಂದೆ.

ಈ ಆಟದ ಪೂರ್ವಕಥೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಉತ್ತರದಲ್ಲಿ ಫೇರ್‌ಫ್ಯಾಕ್ಸ್ ಎಂಬ ಊರಿದೆ. ಅಲ್ಲಿನ ಕೆಲವು ತರುಣರು ಅಗಲ ಟೈರಿನ ಹಳೆಯ ಭಾರಿ ಸೈಕಲ್ಲುಗಳನ್ನು ಗುಡ್ಡದ ಮೇಲಕ್ಕೆ ಸಾಗಿಸಿ, 1976ರ ಅಕ್ಟೋಬರ್ 21ರಂದು ಕೆಳಕ್ಕೆ ಇಳಿಯುವ ಪಂದ್ಯವಿಟ್ಟರು. ಸುಮಾರು 3 ಕಿಲೋಮೀಟರ್ ದಾರಿಯಲ್ಲಿ ಸುಮಾರು 400 ಮೀಟರ್ ಇಳಿತ. ಪೆಡಲನ್ನು ಹಿಂದಕ್ಕೆ ತುಳಿದು ಹಿಡಿಯುವ ಬ್ರೇಕು ಕಾದು, ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ತುಂಬಬೇಕಾಗುತ್ತಿತ್ತು. ಅದರಿಂದಲೇ ಆ ದಾರಿಗೆ ‘ರೀಪ್ಯಾಕ್’ ಎಂದು ಹೆಸರಾಯಿತು. ಏಟು ನುಂಗುವ ಕೆಲಸ ಬಹುಮಟ್ಟಿಗೆ ಸವಾರನ ತೋಳು ಮೊಣಕಾಲುಗಳದೇ ಆಗಿತ್ತು.

ಮೋಟಾರ್ ಸೈಕಲ್ಲುಗಳಿಗೆ ಈ ಕಷ್ಟ ಅದಕ್ಕೂ ಮೊದಲೇ ತಪ್ಪಿತ್ತು. ದುರ್ಬೀನಿನ ಕೊಳವೆಗಳಂತೆ ಒಂದರೊಳಗೊಂದು ಜಾರುವ, ಎಣ್ಣೆಯಿಂದ ಕುಣಿತವನ್ನು ತಡೆಯುವ ಫೋರ್ಕನ್ನು ಬಿ.ಎಂ.ಡಬ್ಲ್ಯೂ. ಕಂಪನಿ 1935ರಲ್ಲಿಯೇ ಆರ್-12 ಎಂಬ ಗಾಡಿಗೆ ಕೂಡಿಸಿತ್ತು. ಮೋಟಾರ್ ಸೈಕಲ್ ಪಂದ್ಯಗಳ ಲೋಕದಿಂದ ಬಂದ ಪಾಲ್ ಟರ್ನರ್ ಅದೇ ತತ್ತ್ವವನ್ನು ಸೈಕಲ್ಲಿಗೆ ಇಳಿಸಿ, 1989ರಲ್ಲಿ ರಾಕ್‌ಶಾಕ್ಸ್ ಎಂಬ ಹೆಸರಿನ ಫೋರ್ಕನ್ನು ಹೊರತಂದರು. ಅದು ಕುಗ್ಗುತ್ತಿದ್ದುದು ಸುಮಾರು 5 ಸೆಂಟಿಮೀಟರ್ ಮಾತ್ರ. ಮರುವರ್ಷ, 1990ರಲ್ಲಿ, ಅಮೆರಿಕದ ಡುರಾಂಗೋದಲ್ಲಿ ಮೊದಲ ಅಧಿಕೃತ ಮೌಂಟನ್ ಬೈಕ್ ವಿಶ್ವಸ್ಪರ್ಧೆ ನಡೆದಾಗ, ಇಳಿಜಾರಿನ ಪಂದ್ಯವನ್ನು ಗೆದ್ದ ಗ್ರೆಗ್ ಹರ್ಬೋಲ್ಡ್ ಸೈಕಲ್ಲಿಗೆ ಇದ್ದುದು ಆ ಕಂಪನಿಯ ಫೋರ್ಕೇ. ಇಂದು ಡೌನ್‌ಹಿಲ್ ಸೈಕಲ್ಲಿನ ಫೋರ್ಕ್ ಸುಮಾರು 20 ಸೆಂಟಿಮೀಟರ್, ಎಂದರೆ ಒಂದು ಗೇಣಿನಷ್ಟು, ಕುಗ್ಗುತ್ತದೆ.

ಮಗ ನನ್ನನ್ನು ಕರೆದುಕೊಂಡು ಹೋದದ್ದು ಫೋರ್ಟ್ ವಿಲಿಯಂ ಊರಿಗೆ. ಇದು ಕಲ್ಕತ್ತೆಯ ಕೋಟೆಯಲ್ಲ. ಬ್ರಿಟನ್ನಿನ ಅತ್ಯುನ್ನತ ಶಿಖರವಾದ 1345 ಮೀಟರ್ ಎತ್ತರದ ಬೆನ್ ನೆವಿಸ್ ಪಕ್ಕದ ಸಣ್ಣ ಪಟ್ಟಣ. ಪಕ್ಕದ ಬೆಟ್ಟದ ಮೇಲಕ್ಕೆ ತೂಗುತೊಟ್ಟಿಲಿನಂಥ ಗಾಡಿಗಳು ಸವಾರರನ್ನೂ ಸೈಕಲ್ಲುಗಳನ್ನೂ ಒಯ್ಯುತ್ತವೆ. ಅಲ್ಲಿ 2002ರಲ್ಲಿ ಮೊದಲ ಬಾರಿಗೆ ವಿಶ್ವಕಪ್ ಪಂದ್ಯ ನಡೆಯಿತು. 2007 ಮತ್ತು 2023ರಲ್ಲಿ ವಿಶ್ವಸ್ಪರ್ಧೆಯೂ ನಡೆಯಿತು. ದಾರಿಯ ಉದ್ದ ಸುಮಾರು 2.8 ಕಿಲೋಮೀಟರ್, ಇಳಿತ ಸುಮಾರು 550 ಮೀಟರ್. ಅದು ದಾರಿಯೆಂದು ಅವರು ಹೇಳಿದ್ದರಿಂದ ನಾನೂ ಹೇಳುತ್ತಿದ್ದೇನೆ. ಕಣ್ಣಿಗೆ ಕಂಡದ್ದು ಬಂಡೆಗಳ ರಾಶಿ, ಕೆಳಗೆ ಕಾಡು, ಕೊನೆಯಲ್ಲಿ ಮಣ್ಣಿನ ದಿಬ್ಬಗಳಿಂದ ಹಾರುವ ಜಾಗ. ಗೆಲ್ಲುವವರು ಇದನ್ನು ನಾಲ್ಕೂವರೆ ನಿಮಿಷದ ಆಸುಪಾಸಿನಲ್ಲಿ ಇಳಿದು ಮುಗಿಸುತ್ತಾರೆ. ಲೆಕ್ಕ ಹಾಕಿದರೆ ಗಂಟೆಗೆ ಸರಾಸರಿ 37 ಕಿಲೋಮೀಟರ್ ಆಗುತ್ತದೆ.

ಆ ಬೆಟ್ಟದ ಬುಡದಲ್ಲಿ ಒಬ್ಬ ವಯಸ್ಸಾದ ಸೈಕಲ್ ರಿಪೇರಿಯವರು ಸಿಕ್ಕಿದರು. ಮಗ ಹೊಸ ಫೋರ್ಕಿನ ಮಾತೆತ್ತಿದ. ಅವರು ಅದಕ್ಕೆ ಉತ್ತರ ಕೊಡದೆ, “ನಿನ್ನ ತೂಕ ಎಷ್ಟು?” ಎಂದು ಕೇಳಿದರು. ಮಗ 58 ಕಿಲೋ ಎಂದ. “ಈ ಫೋರ್ಕನ್ನು ನಿನಗೆ ಮಾರಿದವನ ತೂಕ?” ಅದನ್ನು ಮಗ ಕೇಳಿರಲಿಲ್ಲ; ಆಳು ಮಾತ್ರ ಭಾರಿಯಾಗಿದ್ದನಂತೆ. ಮುದುಕರು ನಕ್ಕರು. ನನ್ನ ಪಾಠ ಅಲ್ಲಿಂದ ಆರಂಭವಾಯಿತು.

ಫೋರ್ಕು ಮಾಡುವ ಕೆಲಸ ಎರಡು. ಎರಡನ್ನೂ ಬೇರೆ ಬೇರೆಯಾಗಿ ತಿಳಿದರೆ ಮುಕ್ಕಾಲು ವಿದ್ಯೆ ಬಂದಂತೆ. ಮೊದಲನೆಯದು ಸ್ಪ್ರಿಂಗಿನ ಕೆಲಸ. ಕ್ರಿಕೆಟ್ ಚೆಂಡನ್ನು ಹಿಡಿಯುವ ಹುಡುಗನನ್ನು ನೋಡಿ. ಕೈಯನ್ನು ಬಿರುಸಾಗಿ ಚಾಚಿ ನಿಂತರೆ ಅಂಗೈ ಉರಿಯುತ್ತದೆ. ಚೆಂಡಿನೊಡನೆ ಕೈಯನ್ನು ಹಿಂದಕ್ಕೆ ಸೆಳೆದುಕೊಂಡರೆ ನೋವೇ ಇಲ್ಲ. ಚೆಂಡಿನ ವೇಗ ಒಂದೇ. ನಿಲ್ಲಲು ಸಿಕ್ಕ ದೂರ ಬೇರೆ. 2 ಸೆಂಟಿಮೀಟರಿನಲ್ಲಿ ನಿಲ್ಲಬೇಕಾದ ಭಾರಕ್ಕೆ 20 ಸೆಂಟಿಮೀಟರ್ ಅವಕಾಶ ಕೊಟ್ಟರೆ ಏಟಿನ ಸರಾಸರಿ ಬಲ ಸುಮಾರಾಗಿ ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಆ ದೂರವನ್ನು ಒದಗಿಸುವುದೇ ಸ್ಪ್ರಿಂಗು.

ಎರಡನೆಯದು ಎಣ್ಣೆಯ ಕೆಲಸ. ಸ್ಪ್ರಿಂಗು ಸಾಲ ಕೊಟ್ಟವನಂತೆ. ಪಡೆದದ್ದನ್ನೆಲ್ಲ ವಾಪಸು ಕೇಳುತ್ತದೆ. ಅದೊಂದೇ ಇದ್ದರೆ ಸವಾರನನ್ನು ಮೇಲಕ್ಕೆ ಎಸೆದುಬಿಡುತ್ತದೆ. ಬ್ಯಾಂಕಿನ ಬಾಗಿಲು ತಳ್ಳಿ ಒಳಗೆ ಹೋದರೆ, ಅದು ದಢಾರೆಂದು ಬಡಿಯದೆ ಮೆಲ್ಲನೆ ತಾನೇ ಮುಚ್ಚಿಕೊಳ್ಳುವುದನ್ನು ನೋಡಿದ್ದೀರಿ. ಮೇಲಿರುವ ಪೆಟ್ಟಿಗೆಯೊಳಗೆ ಎಣ್ಣೆ ಸಣ್ಣ ರಂಧ್ರದಲ್ಲಿ ನುಸುಳಬೇಕಾದ್ದರಿಂದ ಹಾಗಾಗುತ್ತದೆ. ಫೋರ್ಕಿನ ಒಂದು ಕಾಲಿನೊಳಗೂ ಇದೇ ಏರ್ಪಾಡು. ಇದಕ್ಕೆ ಡ್ಯಾಂಪರ್ ಎಂದು ಹೆಸರು. ಅಲ್ಲಿ ನುಸುಳುವ ಎಣ್ಣೆ ಏಟಿನ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ.

ಈ ಡ್ಯಾಂಪರಿಗೆ ತಿರುಪುಗಳಿವೆ. ಫೋರ್ಕ್ ಹಿಂದಿರುಗುವ ವೇಗವನ್ನು ಹಿಡಿತದಲ್ಲಿಡುವುದು ರೀಬೌಂಡ್. ಹೆಸರಾದ ಕಂಪನಿಗಳು ಅದಕ್ಕೆ ಸಾಮಾನ್ಯವಾಗಿ ಕೆಂಪು ಬಣ್ಣ ಕೊಡುತ್ತವೆ. ಅದು ತೀರ ಸಡಿಲವಾದರೆ ಚಕ್ರ ಪುಟಿಯುತ್ತದೆ; ತೀರ ಬಿಗಿಯಾದರೆ, ಒಂದು ಕಲ್ಲಿನಿಂದ ಚೇತರಿಸಿಕೊಳ್ಳುವ ಮೊದಲೇ ಮುಂದಿನ ಕಲ್ಲು ಬಂದು, ಫೋರ್ಕು ಕುಗ್ಗುತ್ತ ಕುಗ್ಗುತ್ತ ಕೆಳಗೇ ಉಳಿದುಬಿಡುತ್ತದೆ. ಕುಗ್ಗುವುದನ್ನು ತಡೆಯುವ ತಿರುಪಿಗೆ ಕಂಪ್ರೆಷನ್ ಎನ್ನುತ್ತಾರೆ. ಅದರಲ್ಲಿ ‘ಲೋ ಸ್ಪೀಡ್’ ‘ಹೈ ಸ್ಪೀಡ್’ ಎಂಬ ಎರಡು ಬಗೆ. ಇದು ಸೈಕಲ್ಲಿನ ವೇಗವೆಂದು ತಿಳಿದು ಅನೇಕರು ಮೋಸಹೋಗುತ್ತಾರೆ. ಇಲ್ಲಿ ಹೇಳಿರುವುದು ಫೋರ್ಕಿನ ಕೊಳವೆ ಕುಗ್ಗುವ ವೇಗ. ಬ್ರೇಕು ಹಿಡಿದಾಗ ಮುಂಭಾಗ ಮೆಲ್ಲನೆ ತಗ್ಗುವುದು ಲೋ ಸ್ಪೀಡ್; ಬಂಡೆ ಬಡಿದಾಗ ಥಟ್ಟನೆ ಕುಗ್ಗುವುದು ಹೈ ಸ್ಪೀಡ್.

ಮುದುಕರು ಮಾತಿನಲ್ಲಿ ನಿಲ್ಲಿಸಲಿಲ್ಲ. ಫೋರ್ಕಿನ ಹೊಳೆಯುವ ಕೊಳವೆಗೆ ತೆಳುವಾದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಕಟ್ಟಿ, ಅದನ್ನು ಕೆಳಗಿನ ಸೀಲಿಗೆ ತಾಗುವಂತೆ ಸರಿಸಿದರು. ಮಗ ಹೆಲ್ಮೆಟ್ಟು ಕವಚಗಳನ್ನೆಲ್ಲ ತೊಟ್ಟು, ಇಳಿಯುವ ಭಂಗಿಯಲ್ಲಿ ಪೆಡಲ್‌ಗಳ ಮೇಲೆ ನಿಂತು, ಮೆಲ್ಲನೆ ಇಳಿದ. ಪಟ್ಟಿ 15 ಮಿಲಿಮೀಟರ್ ಮೇಲಕ್ಕೆ ಸರಿದಿತ್ತು. ಸವಾರನ ಬರಿಯ ಭಾರಕ್ಕೆ ಫೋರ್ಕು ತಗ್ಗುವ ಈ ಅಳತೆಗೆ ‘ಸ್ಯಾಗ್’ ಎನ್ನುತ್ತಾರೆ. ಡೌನ್‌ಹಿಲ್ ಫೋರ್ಕಿಗೆ ಇದು ಒಟ್ಟು ಕುಗ್ಗುವಿಕೆಯ ಐದನೆಯ ಒಂದು ಪಾಲಿನಿಂದ ನಾಲ್ಕನೆಯ ಒಂದು ಪಾಲಿನವರೆಗೆ ಇರಬೇಕೆಂಬುದು ರೂಢಿ. ಎಂದರೆ 200 ಮಿಲಿಮೀಟರಿಗೆ 40ರಿಂದ 50. ಸುಮ್ಮನೆ ನಿಂತಾಗಲೇ ತಗ್ಗುವುದು ನಷ್ಟವಲ್ಲವೇ ಎಂದು ನಾನು ಕೇಳಿದೆ. ಅವರು ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು: ನೆಲದಲ್ಲಿ ದಿಬ್ಬಗಳಷ್ಟೇ ಇಲ್ಲ, ಹಳ್ಳಗಳೂ ಇವೆ. ದಿಬ್ಬ ಬಂದಾಗ ಕುಗ್ಗುವುದಕ್ಕೆ ಎಡೆ ಬೇಕು. ಹಳ್ಳ ಬಂದಾಗ ಚಕ್ರ ಕೆಳಗಿಳಿದು ನೆಲವನ್ನು ಹಿಡಿಯುವುದಕ್ಕೂ ಎಡೆ ಬೇಕು. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ತಿರುವೂ ಇಲ್ಲ.

ಮಗ ಒಂದು ಸಾರಿ ಬೆಟ್ಟವಿಳಿದು ಬಂದ. ಅಷ್ಟು ಬಂಡೆಗಳ ಮೇಲೆ ಹಾಯ್ದರೂ ಪಟ್ಟಿ 110 ಮಿಲಿಮೀಟರ್ ದಾಟಿರಲಿಲ್ಲ. ಹಣ ಕೊಟ್ಟು ಕೊಂಡ 200ರಲ್ಲಿ 90 ಅವನ ಪಾಲಿಗೆ ಇರಲೇ ಇಲ್ಲ. ಕೈ ಜೋಮು ಹಿಡಿಯುತ್ತಿದ್ದುದು, ಕಲ್ಲಿಗೆ ತಾಗಿದ ಚಕ್ರ ಪಕ್ಕಕ್ಕೆ ಸಿಡಿಯುತ್ತಿದ್ದುದು, ಎಲ್ಲಕ್ಕೂ ಕಾರಣ ತಿಳಿಯಿತು. ಒಳಗಿದ್ದುದು ಭಾರಿ ಆಳಿಗೆಂದು ಹಾಕಿದ ಉಕ್ಕಿನ ಸ್ಪ್ರಿಂಗು. ಫೋರ್ಕು ಒಳ್ಳೆಯದೇ, ಅವನದಲ್ಲ, ಅಷ್ಟೆ. ಫೋರ್ಕಿನ ಬೆಲೆಯ ಒಂದು ಸಣ್ಣ ಪಾಲಿನಲ್ಲಿ ಸ್ಪ್ರಿಂಗು ಬದಲಾಯಿತು. ಮೆದುವಾದ ಸ್ಪ್ರಿಂಗು ಹಿಂದಕ್ಕೆ ತಳ್ಳುವ ಬಲವೂ ಕಡಿಮೆಯಾದ್ದರಿಂದ ರೀಬೌಂಡ್ ತಿರುಪನ್ನೂ ಕೆಲವು ಮೆಟ್ಟಿಲು ಸಡಿಲಿಸಿದರು. ಈಗ ನಿಂತಾಗ 42. ಇಳಿದು ಬಂದಾಗ 185. ಕೊನೆಯ 15 ಮಿಲಿಮೀಟರ್ ದೊಡ್ಡ ಏಟಿಗೆಂದು ಉಳಿದಿರಬೇಕಾದ್ದೇ. ಅವನು ಬಿದ್ದದ್ದಕ್ಕೆ ಫೋರ್ಕೊಂದೇ ಕಾರಣವೆಂದು ನಾನು ಹೇಳಲಾರೆ; ವಯಸ್ಸಿಗೂ ಅದರಲ್ಲಿ ಪಾಲಿದೆ.

ಇನ್ನು ಹೊಸದಾಗಿ ಆರಿಸುವವರು ನೋಡಬೇಕಾದ ವಿಷಯಗಳನ್ನು, ಅಲ್ಲಿ ಕಲಿತಷ್ಟು, ಕ್ರಮವಾಗಿ ಹೇಳುತ್ತೇನೆ.

ಮೊದಲು ನೋಡಬೇಕಾದ್ದು ಸೈಕಲ್ಲಿನ ಚೌಕಟ್ಟು, ಫೋರ್ಕು ಆಮೇಲೆ. ತಯಾರಿಸಿದವರು ಆ ಚೌಕಟ್ಟಿಗೆ ಎಷ್ಟು ಉದ್ದದ, ಯಾವ ಬಗೆಯ ಫೋರ್ಕನ್ನು ಒಪ್ಪಿದ್ದಾರೆಂದು ತಿಳಿಯಬೇಕು. ಫೋರ್ಕಿನಲ್ಲಿ ಎರಡು ಜಾತಿ. ಹ್ಯಾಂಡಲಿನ ಕೆಳಗೆ ಒಂದೇ ಅಡ್ಡಪಟ್ಟಿಯಿರುವುದು ಸಿಂಗಲ್ ಕ್ರೌನ್. ಕೊಳವೆಗಳು ಇನ್ನೂ ಮೇಲಕ್ಕೆ ಬೆಳೆದು, ಚೌಕಟ್ಟಿನ ತಲೆಯ ಕೆಳಗೊಂದು ಮೇಲೊಂದು, ಹೀಗೆ ಎರಡು ಪಟ್ಟಿಗಳಲ್ಲಿ ಬಿಗಿದಿರುವುದು ಡ್ಯುಯಲ್ ಕ್ರೌನ್. ಮೋಟಾರ್ ಸೈಕಲ್ಲಿನಲ್ಲಿ ನಾವು ಕಾಣುವುದು ಈ ಎರಡನೆಯದೇ. ಬೆಟ್ಟವನ್ನು ತುಳಿದು ಹತ್ತಿ ಇಳಿಯುವವರಿಗೆ 160ರಿಂದ 180 ಮಿಲಿಮೀಟರ್ ಕುಗ್ಗುವ ಸಿಂಗಲ್ ಕ್ರೌನ್ ಸಾಕು. ಗಾಡಿಯಲ್ಲಿ ಮೇಲೇರಿ ಇಳಿಯುವುದನ್ನೇ ಕಸುಬಾಗಿಸಿಕೊಂಡವರಿಗೆ 200ರ ಡ್ಯುಯಲ್ ಕ್ರೌನ್ ಬೇಕು. ಭಾರಿ ಏಟಿಗೂ ಬ್ರೇಕಿಗೂ ಅದು ಬಾಗದೆ ನಿಲ್ಲುತ್ತದೆ. ಆದರೆ ತೂಕ 2.7 ಕಿಲೋ ಆಸುಪಾಸು. ಹ್ಯಾಂಡಲೂ ಪೂರ್ತಿ ತಿರುಗದು, ಕೊಳವೆಗಳು ಚೌಕಟ್ಟಿಗೆ ತಗಲುತ್ತವೆ. ಅದನ್ನು ತಾಳದ ಚೌಕಟ್ಟಿಗೆ ಕೂಡಿಸಿದರೆ, ಮುರಿಯುವ ಸರದಿ ಚೌಕಟ್ಟಿನದು.

ಎರಡನೆಯದು ಅಳತೆಗಳ ಹೊಂದಿಕೆ. ಮುಂಚಕ್ರ 29 ಅಂಗುಲದ್ದೋ 27.5 ಅಂಗುಲದ್ದೋ, ಫೋರ್ಕು ಅದಕ್ಕೆ ಸರಿಯಾಗಿರಬೇಕು. ಡೌನ್‌ಹಿಲ್ ಫೋರ್ಕುಗಳಲ್ಲಿ 20 ಮಿಲಿಮೀಟರ್ ದಪ್ಪದ ಅಚ್ಚು, 110 ಮಿಲಿಮೀಟರ್ ಅಗಲದ ಹಬ್ಬು ರೂಢಿಯಲ್ಲಿವೆ. ಆದರೆ ಇದೇ ಸಂಖ್ಯೆಗಳಲ್ಲಿ ‘ಬೂಸ್ಟ್’ ಎಂಬ ಬೇರೊಂದು ಬಗೆಯಿದೆ. ಅದರಲ್ಲಿ ಬ್ರೇಕಿನ ಬಿಲ್ಲೆಯ ಜಾಗವೇ ಬೇರೆ. ಸಂಖ್ಯೆ ಕೂಡಿತೆಂದು ಕೊಂಡು ತಂದು ತಲೆಯ ಮೇಲೆ ಕೈಯಿಟ್ಟುಕೊಂಡವರಿದ್ದಾರೆ.

ಮೂರನೆಯದು ಸ್ಪ್ರಿಂಗು. ಉಕ್ಕಿನ ಸುರುಳಿಯಾದರೆ ಸಣ್ಣ ಸಣ್ಣ ಉಬ್ಬುತಗ್ಗುಗಳಿಗೂ ನಯವಾಗಿ ಮಣಿಯುತ್ತದೆ. ಆದರೆ ತೂಕ ಹೆಚ್ಚು, ಸವಾರನ ಭಾರಕ್ಕೆ ತಕ್ಕಂತೆ ಸುರುಳಿಯನ್ನೇ ಬದಲಾಯಿಸಬೇಕು. ಗಾಳಿಯ ಸ್ಪ್ರಿಂಗಾದರೆ ಕೈಪಂಪಿನಿಂದ ಗಾಳಿಯನ್ನು ಹೆಚ್ಚು ಕಡಿಮೆ ಮಾಡಿದರಾಯಿತು, ಹಗುರವೂ ಹೌದು. ಗಾಳಿಯನ್ನು ಅದುಮಿದಷ್ಟೂ ಅದು ಎದುರು ನಿಲ್ಲುವುದರಿಂದ ಕೊನೆಯ ಹಂತದಲ್ಲಿ ತಾನಾಗಿಯೇ ಬಿಗಿಯಾಗುತ್ತದೆ. ಈ ಬಿಗಿತವನ್ನು ಹೆಚ್ಚಿಸಬೇಕಾದರೆ ಒಳಗೆ ಪ್ಲಾಸ್ಟಿಕ್ ಬಿಲ್ಲೆಗಳನ್ನಿಟ್ಟು ಗಾಳಿಯ ಜಾಗವನ್ನು ಕಿರಿದು ಮಾಡುತ್ತಾರೆ. ಮೈತೂಕ ಇನ್ನೂ ಏರಿಳಿಯುವ ಹುಡುಗರಿಗೆ, ಬೇರೆ ಬೇರೆ ಬೆಟ್ಟಗಳಿಗೆ ಹೋಗುವವರಿಗೆ ಗಾಳಿಯೇ ಅನುಕೂಲ.

ನಾಲ್ಕನೆಯದು ತಿರುಪುಗಳ ಸಂಖ್ಯೆ. ಬೆಲೆ ಏರಿದಂತೆ ತಿರುಪುಗಳೂ ಹೆಚ್ಚುತ್ತವೆ. ತಿರುಗಿಸಲು ಬಾರದವನಿಗೆ ಅವು ಕಿವುಡನ ಮನೆಯ ವೀಣೆ. ಒಂದೇ ರೀಬೌಂಡ್, ಒಂದೇ ಕಂಪ್ರೆಷನ್ ಇರುವ ಫೋರ್ಕನ್ನು ಸರಿಯಾಗಿ ಹೊಂದಿಸಿಕೊಂಡವನು, ನಾಲ್ಕು ತಿರುಪುಗಳನ್ನು ಮನಸ್ಸಿಗೆ ಬಂದಂತೆ ತಿರುಗಿಸಿದವನಿಗಿಂತ ಸುಖವಾಗಿ ಇಳಿಯುತ್ತಾನೆ.

ಐದನೆಯದು ಆರೈಕೆ. ಪ್ರತಿ 50 ಗಂಟೆಯ ಸವಾರಿಗೊಮ್ಮೆ ಕೆಳಗಿನ ಕಾಲುಗಳನ್ನು ಕಳಚಿ, ಒರಸಿ, ಹೊಸ ಎಣ್ಣೆ ಹಾಕಬೇಕೆಂದು ರಾಕ್‌ಶಾಕ್ಸ್ ಕಂಪನಿ ಬಹುಕಾಲದಿಂದ ಹೇಳುತ್ತ ಬಂದಿದೆ. ಸೀಲೂ ಎಣ್ಣೆಯೂ ಸಿಗದ ಊರಿನಲ್ಲಿ, ಬಿಚ್ಚಿ ಜೋಡಿಸಬಲ್ಲವರಿಲ್ಲದ ಊರಿನಲ್ಲಿ, ಎಷ್ಟು ಬೆಲೆಯ ಫೋರ್ಕಾದರೂ ವರ್ಷದೊಳಗೆ ಒಣಗಿ ಬಿಗಿಯುತ್ತದೆ. ನಮ್ಮ ನಾಡಿನ ತರುಣರು ಹೊರಗಿನಿಂದ ತರಿಸುವ ಮುನ್ನ ಇದನ್ನು ಮುಖ್ಯವಾಗಿ ವಿಚಾರಿಸಬೇಕು.

ಹಳೆಯ ಫೋರ್ಕು ಕೊಳ್ಳುವವರಿಗೆ ಇನ್ನೆರಡು ಮಾತು. ಹೊಳೆಯುವ ಕೊಳವೆಗಳ ಮೇಲೆ ಉಗುರು ಆಡಿಸಿ ನೋಡಿ. ಉಗುರಿಗೆ ತಗಲುವ ಗೀರಿದ್ದರೆ ಎಣ್ಣೆ ಸೋರುತ್ತದೆ. ಮುಂಬ್ರೇಕು ಹಿಡಿದು ಹಿಂದಕ್ಕೂ ಮುಂದಕ್ಕೂ ಅಲುಗಿಸಿ. ಒಳಗೆ ಲೊಟಲೊಟ ಎಂದರೆ ಸವೆದಿರಬಹುದು. ಚೌಕಟ್ಟಿನ ತಲೆಯೊಳಗೆ ಹಾಯುವ ನಡುಗೊಳವೆಯನ್ನು ಮೊದಲಿನವನು ತನ್ನ ಅಳತೆಗೆ ಕತ್ತರಿಸಿರುತ್ತಾನೆ. ನಿಮಗೆ ಸಾಲುತ್ತದೆಯೇ ಎಂದು ಅಳೆದು ನೋಡಿ. ಅದಕ್ಕಿಂತ ಮೊದಲು, ಮಾರುವವನ ತೂಕವನ್ನು ಸಂಕೋಚವಿಲ್ಲದೆ ಕೇಳಿ.

ನಮ್ಮ ಕಾವ್ಯಮೀಮಾಂಸಕರು ‘ಔಚಿತ್ಯ’ ಎಂಬುದಕ್ಕೆ ಬಹಳ ಬೆಲೆ ಕೊಟ್ಟರು. ಕಾಶ್ಮೀರದ ಕ್ಷೇಮೇಂದ್ರನಂತೂ ಅದನ್ನೇ ಕಾವ್ಯದ ಜೀವವೆಂದು ಸಾರಿದನು. ಅಲಂಕಾರ ಎಷ್ಟು ಬೆಲೆಯದಾದರೂ ತನ್ನ ಜಾಗದಲ್ಲಿಲ್ಲದಿದ್ದರೆ ನಗೆಗೀಡು. ಮೂವತ್ತು ವರ್ಷ ಈ ಮಾತನ್ನು ಕರಿಹಲಗೆಯ ಮೇಲೆ ಬರೆದವನು ನಾನು. ಅದು ಎಣ್ಣೆಗೂ ಉಕ್ಕಿಗೂ ಅನ್ವಯಿಸುತ್ತದೆಂದು ತಿಳಿಯಲು ಸ್ಕಾಟ್ಲೆಂಡಿಗೆ ಹೋಗಬೇಕಾಯಿತು.

ಊರಿಗೆ ಬಂದ ದಿನ ಮನೆಯಾಕೆ ಕೇಳಿದ ಮೊದಲ ಪ್ರಶ್ನೆ, “ಮಾರಿಸಿದಿರಾ?” ಇಲ್ಲ, ಸ್ಪ್ರಿಂಗು ಬದಲಾಯಿಸಿದೆವೆಂದೆ. “ಹಾಗಾದರೆ ಇನ್ನು ಬೀಳುವುದಿಲ್ಲವೇ?” ಸುಳ್ಳು ಹೇಳುವುದು ಬೇಡವೆನಿಸಿತು. ಬೀಳಬಹುದು; ಆದರೆ ಇನ್ನೊಬ್ಬನ ಭಾರಕ್ಕೆ ಮಾಡಿದ ಫೋರ್ಕಿನಿಂದ ಬೀಳುವುದಿಲ್ಲವೆಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೊಸ ಫೋರ್ಕಿಗೆಂದು ಇಟ್ಟಿದ್ದ ಹಣದಲ್ಲಿ ಒಳ್ಳೆಯ ಹೆಲ್ಮೆಟ್ಟು ಕೊಳ್ಳಲು ಹೇಳಿ” ಎಂದಳು. ಅಂದು ಸಂಜೆಯೇ ಮಗನಿಗೆ ಹೇಳಿದೆ. ಕೊಂಡಿದ್ದಾನೆ.